ಸೆವೆಂತ್ ಕಾರ್ಡ್‌ಗಳನ್ನು ಎಲ್ಲಿ ಹಾಕಬೇಕು, ಏಕೆ ಹಾಕಬೇಕು?

ಆರು ತಂತಿ (ಡೊಂಬಿವಲಿ) ಕೇಳಿದ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ನೌಕರಿಯ ನಡುವೆ ಬಿಡುವು ಮಾಡಿಕೊಂಡು ಠಾಣೆಯ ಒಂದು ತರಗತಿಯಲ್ಲಿ ಗಿಟಾರ್ ಕಲಿಯುತ್ತಿದ್ದೇನೆ. ಸಿ, ಡಿ, ಜಿ, ಇ ಮೈನರ್, ಎ ಮೈನರ್ ಕಾರ್ಡ್‌ಗಳು (ಒಟ್ಟಿಗೆ ನುಡಿಸುವ ಸ್ವರಗಳ ಗುಂಪುಗಳು) ಕೈಗೆ ಹತ್ತಿವೆ. ಬಾರ್ ಹಿಡಿದು, ಎಂದರೆ ಒಂದೇ ಬೆರಳಿನಿಂದ ಹಲವು ತಂತಿಗಳನ್ನು ಒತ್ತಿ, ನುಡಿಸುವ ಎಫ್ ಕೂಡ ಈಗ ಸ್ಪಷ್ಟವಾಗಿ ಕೇಳಿಸುತ್ತದೆ. ನಮ್ಮ ಭಾಗದ ಕನ್ನಡ ಸಂಘದ ಕಾರ್ಯಕ್ರಮಗಳಲ್ಲಿ ಭಾವಗೀತೆ ಹಾಡುವವರಿಗೆ ಸಾಥ್ ಕೊಡುತ್ತೇನೆ. ಅಲ್ಲಿ ಕೀಬೋರ್ಡ್ ನುಡಿಸುವ ಹಿರಿಯರು ‘ಚರಣ ಮುಗಿದು ಪಲ್ಲವಿಗೆ ಮರಳುವ ಜಾಗದಲ್ಲಿ ಒಂದು ಸೆವೆಂತ್ ಹಾಕಿ’ ಎಂದು ಹೇಳುತ್ತಾರೆ. ಅವರು ತೋರಿಸಿದ ಜಾಗದಲ್ಲಿ ಹಾಕಿದರೆ ಬಹಳ ಚೆನ್ನಾಗಿ ಒಪ್ಪುತ್ತದೆ. ನಾನಾಗಿಯೇ ಬೇರೆ ಕಡೆ ಹಾಕಿದಾಗ ಕೆಲವೊಮ್ಮೆ ಹಾಡು ಮುಗಿಯದೆ ನಿಂತಂತೆ, ಇನ್ನು ಕೆಲವೊಮ್ಮೆ ಗಾಯಕಿಯ ಸ್ವರಕ್ಕೆ ಅಡ್ಡ ಬಂದಂತೆ ಕೇಳಿಸುತ್ತದೆ.

ತರಗತಿಯಲ್ಲಿ ಇ7, ಎ7, ಡಿ7, ಜಿ7, ಸಿ7, ಬಿ7 ಎಂಬ ಆರು ಕಾರ್ಡ್‌ಗಳ ಚಿತ್ರ ಕೊಟ್ಟಿದ್ದಾರೆ. ಬೆರಳುಗಳ ಸ್ಥಾನ ಬಾಯಿಪಾಠವಾಗಿದೆ, ಆದರೆ ಅವುಗಳ ಕೆಲಸವೇನು ಎಂಬುದು ತಿಳಿದಿಲ್ಲ. ಜಿ7 ಎಂದರೆ ಜಿ ಕಾರ್ಡಿಗೆ ಜಿ ಮೇಜರ್ ಸ್ಕೇಲಿನ ಏಳನೆಯ ಸ್ವರವನ್ನು ಸೇರಿಸಿದ್ದು ಎಂದುಕೊಂಡರೆ ಎಫ್ ಶಾರ್ಪ್ ಬರಬೇಕಿತ್ತು. ಚಿತ್ರದಲ್ಲಿ ಎಫ್ ಇದೆ. ಇದು ಏಕೆ? ಸೆವೆಂತ್ ಕಾರ್ಡನ್ನು ಎಲ್ಲಿ ಹಾಕಬಹುದು, ಎಲ್ಲಿ ಹಾಕಬಾರದು ಎಂಬುದನ್ನು ನಾನೇ ತೀರ್ಮಾನಿಸುವುದು ಹೇಗೆ? ಕರ್ನಾಟಕ ಸಂಗೀತದ ಸ್ವರಗಳ ಪರಿಚಯ ಅಲ್ಪಸ್ವಲ್ಪ ಇದೆ, ಆದ್ದರಿಂದ ಆ ಭಾಷೆಯಲ್ಲಿ ಹೇಳಿದರೂ ಅರ್ಥವಾಗುತ್ತದೆ.

ಕಾಳಿ ತೀರ (ಮಡಗಾಂವ್) ಕೊಟ್ಟ ಉತ್ತರ:

ನಿಮ್ಮ ಹಿರಿಯರು ತೋರಿಸಿದ ಜಾಗವೇ ಈ ಕಾರ್ಡಿನ ಮೂಲ ಜಾಗ, ಆದ್ದರಿಂದ ಅಲ್ಲಿಂದಲೇ ಹೊರಡೋಣ. ಹಾಡಿನ ಷಡ್ಜವನ್ನು ಸಿ ಎಂದು ಇಟ್ಟುಕೊಳ್ಳಿ. ಸಿ ಮೇಜರ್ ಸ್ಕೇಲಿನ ಪಂಚಮ ಜಿ. ಆ ಜಿ ಯಿಂದ ಹೊರಟು, ಅದೇ ಸ್ಕೇಲಿನ ಸ್ವರಗಳನ್ನು ಒಂದು ಬಿಟ್ಟು ಒಂದರಂತೆ ಎತ್ತಿಕೊಂಡರೆ ಜಿ, ಬಿ, ಡಿ, ಎಫ್ ಎಂಬ ನಾಲ್ಕು ಸ್ವರಗಳು ಸಿಗುತ್ತವೆ. ನಮ್ಮ ಭಾಷೆಯಲ್ಲಿ ಪ, ನಿ, ರಿ, ಮ. ಎಂದರೆ ನೀವು ಚಿತ್ರದಲ್ಲಿ ಕಂಡ ಎಫ್ ಬಂದಿರುವುದು ಸಿ ಸ್ಕೇಲಿನಿಂದ, ಜಿ ಸ್ಕೇಲಿನಿಂದಲ್ಲ. ಎಫ್ ಶಾರ್ಪ್ ಸೇರಿಸಿದರೆ ಅದು ಜಿ ಮೇಜರ್ ಸೆವೆಂತ್ ಎಂಬ ಬೇರೆಯೇ ಕಾರ್ಡ್. ಅದರ ಸ್ವಭಾವ ಮೃದು, ಅದು ಎಲ್ಲಿಗೂ ಹೋಗಬೇಕೆಂದು ಒತ್ತಾಯಿಸುವುದಿಲ್ಲ. ನಿಮ್ಮ ಚಿತ್ರದಲ್ಲಿರುವ ಆರೂ ಕಾರ್ಡ್‌ಗಳು ಡಾಮಿನೆಂಟ್ ಸೆವೆಂತ್ ಬಗೆಯವು. ಕಾರ್ಡಿನ ರೂಟನ್ನೇ (ಅದಕ್ಕೆ ಹೆಸರು ಕೊಡುವ ಮೂಲ ಸ್ವರವನ್ನೇ) ಷಡ್ಜವೆಂದು ಭಾವಿಸಿ ನೋಡಿದರೆ ಪ್ರತಿಯೊಂದರಲ್ಲೂ ಷಡ್ಜ, ಅಂತರ ಗಾಂಧಾರ, ಪಂಚಮ, ಕೈಶಿಕಿ ನಿಷಾದ ಇರುತ್ತವೆ. ಮೇಜರ್ ಸ್ಕೇಲಿನ ಏಳು ಸ್ವರಗಳ ಮೇಲೂ ನಾಲ್ಕು ಸ್ವರಗಳ ಕಾರ್ಡ್ ಕಟ್ಟಬಹುದಾದರೂ ಈ ಬಗೆಯದು ಹುಟ್ಟುವುದು ಪಂಚಮದ ಮೇಲೆ ಮಾತ್ರ. ಆದ್ದರಿಂದಲೇ ಜಿ7 ಕೇಳಿದೊಡನೆ ಕಿವಿ ಸಿ ಯನ್ನು ನಿರೀಕ್ಷಿಸುತ್ತದೆ.

ಆ ನಿರೀಕ್ಷೆ ಹುಟ್ಟುವುದು ನಾಲ್ಕು ಸ್ವರಗಳಲ್ಲಿ ಎರಡರಿಂದ. ಬಿ ಮತ್ತು ಎಫ್, ಎಂದರೆ ಕಾಕಲಿ ನಿಷಾದ ಮತ್ತು ಶುದ್ಧ ಮಧ್ಯಮಗಳ ನಡುವೆ ಆರು ಫ್ರೆಟ್‌ಗಳ (ಗಿಟಾರಿನ ಕತ್ತಿನ ಮೇಲಿನ ಅರ್ಧ ಸ್ವರದ ಮನೆಗಳ) ಅಂತರವಿದೆ. ಸ್ಥಾಯಿಯ ಹನ್ನೆರಡು ಫ್ರೆಟ್‌ಗಳಲ್ಲಿ ಇದು ಸರಿಯಾಗಿ ಅರ್ಧ. ಈ ಜೋಡಿ ಕರ್ಕಶವಾಗಿ ಕೇಳುತ್ತದೆ, ಒಂದು ನೆಲೆಗೆ ಹೋಗಿ ಶಾಂತವಾಗಲು ಹಂಬಲಿಸುತ್ತದೆ. ನಿಷಾದವು ಅರ್ಧ ಸ್ವರ ಏರಿ ಷಡ್ಜವಾದಾಗ, ಮಧ್ಯಮವು ಅರ್ಧ ಸ್ವರ ಇಳಿದು ಅಂತರ ಗಾಂಧಾರವಾದಾಗ ಆ ಹಂಬಲ ತೀರುತ್ತದೆ. ಗೋವೆಯ ಚರ್ಚುಗಳಲ್ಲಿ ನಾಲ್ಕು ಭಾಗಗಳಲ್ಲಿ ಹಾಡುವವರಿಗೆ ಈ ನಡೆಯನ್ನು ಮೊದಲಿನಿಂದಲೂ ಕಲಿಸುತ್ತಾರೆ. ಸೆವೆಂತ್ ಸ್ವರ ಯಾರ ಪಾಲಿಗೆ ಬಂದಿದೆಯೋ ಅವರು ಮುಂದಿನ ಕಾರ್ಡಿನಲ್ಲಿ ಒಂದು ಮೆಟ್ಟಿಲು ಇಳಿಯಬೇಕೆಂಬುದು ಅಲ್ಲಿನ ವಾಡಿಕೆ. ಚರ್ಚಿನ ಶಾಲೆಗಳಲ್ಲಿ ಹೀಗೆ ಸ್ವರಲಿಪಿ ಓದಲು ಕಲಿತ ಗೋವೆಯವರೇ ಮುಂಬೈಯ ಡ್ಯಾನ್ಸ್ ಬ್ಯಾಂಡುಗಳಲ್ಲಿಯೂ ಹಿಂದಿ ಚಿತ್ರಸಂಗೀತದ ವಾದ್ಯವೃಂದಗಳಲ್ಲಿಯೂ ತುಂಬಿದ್ದರು. ಆಂಟನಿ ಗೊನ್ಸಾಲ್ವಿಸ್, ಸೆಬಾಸ್ಟಿಯನ್ ಡಿಸೋಜಾ ಅವರಂಥ ಅರೇಂಜರ್‌ಗಳು ಬೆಳೆದು ಬಂದದ್ದು ಈ ಪರಂಪರೆಯಿಂದಲೇ. ನೀವು ಹಳೆಯ ಹಿಂದಿ ಹಾಡು ಕೇಳುವಾಗ ಅಂತರೆಯ ಕೊನೆಯಲ್ಲಿ ಪಿಟೀಲುಗಳ ಗುಂಪು ಮುಖಡಾಕ್ಕೆ ಕರೆದೊಯ್ಯುವ ಜಾಗವನ್ನು ಗಮನಿಸಿ. ಅಲ್ಲಿ ಅನೇಕ ಸಲ ಈ ಸೆವೆಂತ್ ಅಡಗಿರುತ್ತದೆ.

ಈಗ ಗಿಟಾರಿಗೆ ಬರೋಣ. ನಾನು ಯಾರಿಗೆ ಕಲಿಸಿದರೂ ಸೆವೆಂತ್ ಕಾರ್ಡನ್ನು ಒಂಟಿಯಾಗಿ ಕಲಿಸುವುದಿಲ್ಲ, ಅದು ಹೋಗಿ ಸೇರುವ ಕಾರ್ಡಿನ ಜೊತೆಗೇ ಕಲಿಸುತ್ತೇನೆ. ಏಕೆಂದರೆ ಮೇಲೆ ಹೇಳಿದ ಏರಿಳಿತವನ್ನು ಗಿಟಾರಿನಲ್ಲಿ ಕಣ್ಣಿನಿಂದಲೇ ನೋಡಬಹುದು. ಅತಿ ತೆಳುವಾದದ್ದನ್ನು 1ನೇ ತಂತಿ, ಅತಿ ದಪ್ಪನೆಯದನ್ನು 6ನೇ ತಂತಿ ಎಂದು ಕರೆಯೋಣ. ಜಿ7 ಹಿಡಿದಾಗ 1ನೇ ತಂತಿಯ 1ನೇ ಫ್ರೆಟ್‌ನಲ್ಲಿ ಎಫ್ ಇದೆ, 2ನೇ ತಂತಿ ತೆರೆದಿದ್ದು ಬಿ ನುಡಿಯುತ್ತದೆ. ಸಿ ಗೆ ಬಂದಾಗ 1ನೇ ತಂತಿ ತೆರೆದುಕೊಂಡು ಇ ಆಗುತ್ತದೆ, 2ನೇ ತಂತಿಯ 1ನೇ ಫ್ರೆಟ್ ಒತ್ತಿದಾಗ ಬಿ ಏರಿ ಸಿ ಆಗುತ್ತದೆ. ತೋರುಬೆರಳು ಒಂದು ತಂತಿಯಿಂದ ಪಕ್ಕದ ತಂತಿಗೆ ದಾಟುವ ಆ ಸಣ್ಣ ಚಲನೆಯಲ್ಲಿ ಇಡೀ ವಿಷಯ ಅಡಗಿದೆ. ಡಿ7 ರಿಂದ ಜಿ ಗೆ ಹೋಗುವಾಗಲೂ ಇದೇ ಎರಡು ತಂತಿಗಳು, ಆದರೆ ದಿಕ್ಕು ಬದಲು: 1ನೇ ತಂತಿಯಲ್ಲಿ 2ನೇ ಫ್ರೆಟ್‌ನ ಎಫ್ ಶಾರ್ಪ್ 3ನೇ ಫ್ರೆಟ್‌ನ ಜಿ ಗೆ ಏರುತ್ತದೆ, 2ನೇ ತಂತಿಯಲ್ಲಿ 1ನೇ ಫ್ರೆಟ್‌ನ ಸಿ ತೆರೆದ ಬಿ ಗೆ ಇಳಿಯುತ್ತದೆ. ಸಿ7 ರಿಂದ ಎಫ್‌ಗೆ ಹೋಗುವಾಗ 4ನೇ ತಂತಿ 2ರಿಂದ 3ಕ್ಕೆ ಏರುತ್ತದೆ, 3ನೇ ತಂತಿ 3ರಿಂದ 2ಕ್ಕೆ ಇಳಿಯುತ್ತದೆ. ಬಿ7 ರಿಂದ ಇ ಗೆ ಹೋಗುವಾಗ ಅದೇ ತಂತಿಗಳು: 4ನೆಯದು 1ರಿಂದ 2ಕ್ಕೆ, 3ನೆಯದು 2ರಿಂದ 1ಕ್ಕೆ.

ಉಳಿದ ಇ7 ಮತ್ತು ಎ7 ಗಳಿಗೆ ಸಾಮಾನ್ಯವಾಗಿ ಕೊಡುವ ಸುಲಭ ಹಿಡಿತದಲ್ಲಿ ಈ ನಡೆ ಪೂರ್ತಿಯಾಗಿ ಕಾಣುವುದಿಲ್ಲ, ಆದ್ದರಿಂದ ಎರಡನೆಯ ಹಿಡಿತವನ್ನೂ ಕಲಿತುಕೊಳ್ಳಿ. ಇ ಮೇಜರ್ ಹಿಡಿದು ಅದರ ಮೇಲೆ 2ನೇ ತಂತಿಯ 3ನೇ ಫ್ರೆಟ್‌ಗೆ ಕಿರುಬೆರಳು ಇಟ್ಟರೆ ಇ7 ಆಗುತ್ತದೆ. ಅಲ್ಲಿಂದ ಎ ಗೆ ಹೋಗುವಾಗ 3ನೇ ತಂತಿ 1ರಿಂದ 2ಕ್ಕೆ ಏರುತ್ತದೆ, 2ನೇ ತಂತಿ 3ರಿಂದ 2ಕ್ಕೆ ಇಳಿಯುತ್ತದೆ. ಎ7 ಗೆ 4, 3, 2ನೇ ತಂತಿಗಳ 2ನೇ ಫ್ರೆಟ್‌ಗಳನ್ನು ತೋರುಬೆರಳಿನಿಂದ ಒತ್ತಿ, 1ನೇ ತಂತಿಯ 3ನೇ ಫ್ರೆಟ್ ಸೇರಿಸಿ. ಡಿ ಗೆ ಹೋಗುವಾಗ 2ನೇ ತಂತಿ 2ರಿಂದ 3ಕ್ಕೆ ಏರಿದರೆ 1ನೇ ತಂತಿ 3ರಿಂದ 2ಕ್ಕೆ ಇಳಿಯುತ್ತದೆ. ಹೀಗೆ ಆರೂ ಜೋಡಿಗಳಲ್ಲಿ ಅಕ್ಕಪಕ್ಕದ ಎರಡು ತಂತಿಗಳು ಒಂದೊಂದು ಫ್ರೆಟ್ ವಿರುದ್ಧ ದಿಕ್ಕಿಗೆ ಸರಿಯುತ್ತವೆ. ಮೊದಲು ಪೂರ್ತಿ ಕಾರ್ಡ್ ಬಾರಿಸದೆ ಆ ಎರಡು ತಂತಿಗಳನ್ನಷ್ಟೇ ಮೀಟಿ, ಏರುವ ಸ್ವರವನ್ನು ಬಾಯಿಯಲ್ಲಿ ಹಾಡಿ, ಬಳಿಕ ಇಳಿಯುವ ಸ್ವರವನ್ನು ಹಾಡಿ. ಕಿವಿಗೆ ಇದು ಹಿಡಿದ ಮೇಲೆ ಸ್ಟ್ರಮಿಂಗ್ ಸೇರಿಸಿ.

ಎಲ್ಲಿ ಹಾಕಬೇಕು ಎಂಬ ಪ್ರಶ್ನೆಗೆ ಉತ್ತರ ಇದರಿಂದಲೇ ದೊರೆಯುತ್ತದೆ. ಮುಂದೆ ಬರಲಿರುವ ಕಾರ್ಡ್ ಯಾವುದು ಎಂದು ನೋಡಿ, ಅದರ ಪಂಚಮದ ಮೇಲಿನ ಸೆವೆಂತನ್ನು ಅದಕ್ಕಿಂತ ಮುಂಚೆ ಹಾಕಿ. ಸಿ ಗೆ ಮರಳಬೇಕಾದರೆ ಜಿ7, ಎಫ್‌ಗೆ ಹೋಗಬೇಕಾದರೆ ಸಿ7, ಎ ಮೈನರ್‌ಗೆ ಹೋಗಬೇಕಾದರೆ ಇ7. ಹಾಡಿನ ಕೊನೆಯ ಸಿ ಯ ಮೇಲೆ ಸಿ7 ಹಾಕಿದರೆ ಕೇಳುಗರ ಕಿವಿ ಎಫ್‌ಗಾಗಿ ಕಾಯುತ್ತಲೇ ಉಳಿಯುತ್ತದೆ. ಹಾಡು ಮುಗಿಯದೆ ನಿಂತಂತೆ ನಿಮಗೆ ಕೇಳಿಸಿದ್ದು ಬಹುಶಃ ಇದೇ.

ಧಾರವಾಡದ ಪೇಟಿ (ಪುಣೆ) ಕೊಟ್ಟ ಉತ್ತರ:

ಮಡಗಾಂವಿನವರು ಬಹಳ ಸ್ಪಷ್ಟವಾಗಿ ವಿವರಿಸಿದ್ದಾರೆ. ಗಾಯಕಿಯ ಸ್ವರಕ್ಕೆ ಅಡ್ಡ ಬರುವ ವಿಷಯ ಮಾತ್ರ ಉಳಿದಿದೆ, ಅದರ ಬಗ್ಗೆ ನಾನು ಬರೆಯುತ್ತೇನೆ. ನಾನು ಹಾಡುಗಾರರಿಗೆ ಪೇಟಿಯ (ಹಾರ್ಮೋನಿಯಂನ) ಸಾಥ್ ಮಾಡುವವನು, ಕಾರ್ಡ್ ನುಡಿಸುವ ವಾದ್ಯಗಳ ಪಕ್ಕದಲ್ಲಿ ಕುಳಿತು ಈ ತೊಂದರೆಯನ್ನು ಅನೇಕ ಸಲ ಕೇಳಿದ್ದೇನೆ.

ನಮ್ಮ ಭಾವಗೀತೆಗಳಲ್ಲಿ ಬಹಳಷ್ಟು ಒಂದಲ್ಲ ಒಂದು ರಾಗದ ಛಾಯೆಯಲ್ಲಿ ಇರುತ್ತವೆ. ರಾಗ ಯಾವ ನಿಷಾದವನ್ನು ಒಪ್ಪುತ್ತದೆ ಎಂಬುದನ್ನು ನೋಡದೆ ಸೆವೆಂತ್ ಹಾಕಬಾರದು. ಷಡ್ಜ ಎ ಎಂದು ಇಟ್ಟುಕೊಂಡು, ಹಾಡು ಕಾಫಿ ಥಾಟಿನ ಸ್ವರಗಳಲ್ಲಿದೆ ಎಂದುಕೊಳ್ಳಿ. ಅಲ್ಲಿ ನಿಷಾದ ಕೋಮಲ (ಕರ್ನಾಟಕ ಸಂಗೀತದ ಕೈಶಿಕಿ), ಎಂದರೆ ಜಿ. ಎ ಮೈನರ್‌ಗೆ ಮರಳಲು ನೀವು ಇ7 ಹಾಕಿದರೆ ಅದರೊಳಗಿನ ಜಿ ಶಾರ್ಪ್ ಹಿಂದೂಸ್ತಾನಿಯ ಶುದ್ಧ ನಿಷಾದ, ಎಂದರೆ ಕರ್ನಾಟಕ ಸಂಗೀತದ ಕಾಕಲಿ. ಗಾಯಕಿ ಜಿ ಯಲ್ಲಿ ನಿಂತಿರುವಾಗ ನಿಮ್ಮ ಗಿಟಾರು ಅರ್ಧ ಸ್ವರ ಮೇಲಿನ ಜಿ ಶಾರ್ಪ್ ನುಡಿಯುತ್ತದೆ. ಎರಡೂ ಏಕಕಾಲಕ್ಕೆ ಕೇಳಿದಾಗ ಹಾಡುವವರ ಶ್ರುತಿಯೇ ಕದಡುತ್ತದೆ. ಅಲ್ಲಿ ಇ ಮೈನರ್ ಅಥವಾ ಜಿ ಮೇಜರ್ ಹಾಕಿ ಎ ಮೈನರ್‌ಗೆ ಬನ್ನಿ. ಸೆಳೆತ ಸ್ವಲ್ಪ ಕಡಿಮೆಯಾದರೂ ರಾಗ ಉಳಿಯುತ್ತದೆ. ಹಿಂದೂಸ್ತಾನಿ ಭೈರವಿಯ ಛಾಯೆಯಾದರೆ ಇನ್ನೂ ಎಚ್ಚರ ಬೇಕು; ರಿಷಭವೂ ಕೋಮಲವಾದ್ದರಿಂದ ಇ7 ರ ಪಂಚಮವಾದ ಬಿ ಕೂಡ ಹಾಡುಗಾರರ ಬಿ ಫ್ಲ್ಯಾಟ್‌ಗೆ ಎದುರಾಗುತ್ತದೆ.

ಷಡ್ಜ ಸಿ ಇದ್ದು ಹಾಡು ಹರಿಕಾಂಭೋಜಿಯ ಸ್ವರಗಳಲ್ಲಿದ್ದರೆ ಇದೇ ಪ್ರಶ್ನೆ ಬೇರೆ ರೀತಿಯಲ್ಲಿ ಬರುತ್ತದೆ. ಅಲ್ಲಿ ಸಿ7 ರ ನಾಲ್ಕೂ ಸ್ವರಗಳು ಮೇಳದೊಳಗಿನವೇ, ಆದರೆ ಜಿ7 ರ ಬಿ ಮೇಳದ ಹೊರಗಿನದು. ಆದ್ದರಿಂದ ಮೇಜರ್ ಸ್ಕೇಲಿಗೆ ಒಪ್ಪುವ ಜಿ7 ರಿಂದ ಸಿ ಎಂಬ ನಡೆಯನ್ನು ಕಣ್ಣುಮುಚ್ಚಿ ತಂದು ಹಾಕುವಂತಿಲ್ಲ. ಜಿ ಮೈನರ್ ಅಥವಾ ಬಿ ಫ್ಲ್ಯಾಟ್ ಮೇಜರ್‌ನಿಂದ ಸಿ ಗೆ ಬಂದರೆ ಹಾಡಿಗೆ ಹೊಂದುತ್ತದೆ. ಮೋಹನ ಅಥವಾ ಭೂಪದ ಹಾಡಿನಲ್ಲಿ ಮಧ್ಯಮ, ನಿಷಾದ ಎರಡೂ ಇಲ್ಲ. ಜಿ7 ಅನ್ನು ಎಳೆದೊಯ್ಯುವ ಜೋಡಿ ಆ ಎರಡು ಸ್ವರಗಳದ್ದೇ ಆದ್ದರಿಂದ ಅದನ್ನು ಹಾಕಿದರೆ ರಾಗವು ಬಿಟ್ಟ ಎರಡೂ ಸ್ವರಗಳನ್ನು ಬೇಕೆಂದೇ ತಂದು ಕೂರಿಸಿದಂತಾಗುತ್ತದೆ. ಜಿ ಮತ್ತು ಡಿ ಮಾತ್ರ ಇರುವ, ಕಾರ್ಡಿನ ಗಾಂಧಾರವಾದ ಬಿ ಇಲ್ಲದ ಖಾಲಿ ಕಾರ್ಡ್ ಅಲ್ಲಿ ಸಾಕು.

ಆದರೂ ಸುಗಮ ಸಂಗೀತದಲ್ಲಿ ಸೆವೆಂತ್ ಬೇಡವೇ ಬೇಡ ಎಂದು ನಾನು ಹೇಳುವುದಿಲ್ಲ. ಹಾಡುಗಾರರು ಉಸಿರು ತೆಗೆದುಕೊಳ್ಳುವ ಜಾಗದಲ್ಲಿ, ಸಾಲುಗಳ ನಡುವಿನ ವಾದ್ಯದ ತುಣುಕಿನಲ್ಲಿ ಸೆವೆಂತ್ ಹಾಕಿದರೆ ಯಾರ ಸ್ವರಕ್ಕೂ ತಾಗುವುದಿಲ್ಲ, ಪಲ್ಲವಿ ಮಾತ್ರ ಸುಂದರವಾಗಿ ತೆರೆದುಕೊಳ್ಳುತ್ತದೆ. ನಿಮ್ಮ ಕೀಬೋರ್ಡಿನ ಹಿರಿಯರು ಆ ಜಾಗವನ್ನು ಆರಿಸಿಕೊಂಡಿದ್ದರಲ್ಲಿ ಈ ವಿವೇಕವೂ ಇರಬೇಕು ಎಂದು ನನಗೆ ತೋರುತ್ತದೆ.

ಆರು ತಂತಿ (ಡೊಂಬಿವಲಿ) ಮತ್ತೆ ಬರೆದದ್ದು:

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಜಿ7 ರಿಂದ ಸಿ ಗೆ ಬರುವಾಗ ಎರಡು ತಂತಿಗಳನ್ನು ಮಾತ್ರ ಮೀಟಿ ನೋಡಿದೆ. ಒಂದು ಏರುವುದು, ಇನ್ನೊಂದು ಇಳಿಯುವುದು ಸ್ಪಷ್ಟವಾಗಿ ಕೇಳಿಸಿತು. ಇನ್ನು ಮೂರು ಸಂದೇಹಗಳು ಉಳಿದಿವೆ. ಸೆವೆಂತ್ ಎಂದರೆ ಮುಂದಿನ ಕಾರ್ಡಿಗೆ ಹೋಗಲೇಬೇಕು ಎಂದಾದರೆ, ಬ್ಲೂಸ್ ಎಂಬ ಅಮೆರಿಕದ ಸಂಗೀತ ಶೈಲಿಯಲ್ಲಿ ಎ7, ಡಿ7, ಇ7 ಗಳಲ್ಲೇ ಇಡೀ ಹಾಡು ಸಾಗುವುದು ಹೇಗೆ? ಸಿ7 ಹಿಡಿತದಲ್ಲಿ ನಾನು ಎಷ್ಟು ಹುಡುಕಿದರೂ ಜಿ ಸ್ವರ ಸಿಗುತ್ತಿಲ್ಲ, ಹಿಡಿತವೇ ತಪ್ಪೇ? ನಮ್ಮ ಗಾಯಕಿಯ ಶ್ರುತಿ ಕಾಳಿ ಚಾರ್, ಎಂದರೆ ಜಿ ಶಾರ್ಪ್. ಆ ಶ್ರುತಿಯಲ್ಲಿ ಈ ತೆರೆದ ಹಿಡಿತಗಳನ್ನು ಬಳಸುವುದು ಸಾಧ್ಯವೇ?

ಹನ್ನೆರಡು ಬಾರ್ (ಮಾಟುಂಗಾ) ಕೊಟ್ಟ ಉತ್ತರ:

ಬ್ಲೂಸ್ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಬ್ಲೂಸ್‌ನಲ್ಲಿ ಕೈಶಿಕಿ ನಿಷಾದ ಆ ಸಂಗೀತದ ರಾಗಬಣ್ಣವೇ ಆಗಿದೆ. ಹಾಡುವವರು ಎ ಯನ್ನು ನೆಲೆಯಾಗಿಟ್ಟುಕೊಂಡು ಜಿ ಯನ್ನು ಬಾಗಿಸಿ, ಎಳೆದು ಹಾಡುತ್ತಾರೆ. ಆದ್ದರಿಂದ ಎ7 ನಲ್ಲಿ ಆ ಜಿ ಇದ್ದರೆ ಅದು ನೆಲೆಯ ಭಾಗವಾಗಿಯೇ ಕೇಳಿಸುತ್ತದೆ. ಎ ಶ್ರುತಿಯ ಹನ್ನೆರಡು ಬಾರ್‌ಗಳಲ್ಲಿ (ಇಲ್ಲಿ ಬಾರ್ ಎಂದರೆ ತಾಳದ ಒಂದು ಸುತ್ತು) ಮೊದಲ ನಾಲ್ಕು ಬಾರ್ ಎ7, ಬಳಿಕ ಎರಡು ಬಾರ್ ಡಿ7, ಎರಡು ಬಾರ್ ಎ7, ಒಂದು ಬಾರ್ ಇ7, ಒಂದು ಬಾರ್ ಡಿ7, ಕೊನೆಯ ಎರಡು ಬಾರ್ ಎ7 ಎಂಬುದು ಸಾಮಾನ್ಯ ರೂಪ. ಮತ್ತೆ ಮೊದಲಿಗೆ ಹೋಗಬೇಕಾದರೆ ಹನ್ನೆರಡನೆಯ ಬಾರಿನಲ್ಲಿ ಇ7 ಹಾಕುವುದುಂಟು. ಗಮನಿಸಿ, ಆ ಕೊನೆಯ ಇ7 ಮಾತ್ರ ಮಡಗಾಂವಿನವರು ಹೇಳಿದ ಹಳೆಯ ಕೆಲಸವನ್ನೇ ಮಾಡುತ್ತದೆ, ಕಿವಿಯನ್ನು ಎ ಗೆ ಎಳೆದು ತರುತ್ತದೆ. ಎ7 ರಿಂದ ಡಿ7 ಗೆ ಹೋಗುವಲ್ಲಿಯೂ ಅದೇ ಸೆಳೆತ ಅರ್ಧದಷ್ಟು ಇದೆ.

ಇದನ್ನು ಕೈಯಲ್ಲಿ ನೋಡಬೇಕಾದರೆ ಮೂರೇ ಸ್ವರಗಳ ಹಿಡಿತ ಕಲಿಯಿರಿ. 6ನೇ ತಂತಿಯ 5ನೇ ಫ್ರೆಟ್‌ನಲ್ಲಿ ಎ, 4ನೇ ತಂತಿಯ 5ನೇ ಫ್ರೆಟ್‌ನಲ್ಲಿ ಜಿ, 3ನೇ ತಂತಿಯ 6ನೇ ಫ್ರೆಟ್‌ನಲ್ಲಿ ಸಿ ಶಾರ್ಪ್. ಉಳಿದ ತಂತಿಗಳನ್ನು ಬೆರಳು ತಾಗಿಸಿ ಸುಮ್ಮನಿರಿಸಿ. ಇದು ಎ7. ಡಿ7 ಬೇಕಾದಾಗ 4 ಮತ್ತು 3ನೇ ತಂತಿಗಳ ಆ ಜೋಡಿಯನ್ನು ಹಾಗೆಯೇ ಒಂದು ಫ್ರೆಟ್ ಹಿಂದಕ್ಕೆ ಸರಿಸಿ, ರೂಟನ್ನು 5ನೇ ತಂತಿಯ 5ನೇ ಫ್ರೆಟ್‌ಗೆ ತನ್ನಿ. ಇ7 ಬೇಕಾದಾಗ ಎ7 ರ ಜೋಡಿಯನ್ನು ಒಂದು ಫ್ರೆಟ್ ಮುಂದಕ್ಕೆ ಸರಿಸಿ, ರೂಟನ್ನು 5ನೇ ತಂತಿಯ 7ನೇ ಫ್ರೆಟ್‌ಗೆ ಒಯ್ಯಿರಿ. ಬಾಸ್ ನುಡಿಸುವವರು ಜೊತೆಗಿದ್ದರೆ ರೂಟನ್ನೂ ಅವರಿಗೆ ಬಿಟ್ಟು ಈ ಎರಡು ತಂತಿಗಳನ್ನಷ್ಟೇ ನುಡಿಸಿದರೂ ಇಡೀ ಬ್ಲೂಸ್ ಕೇಳಿಸುತ್ತದೆ. ನನ್ನ ಮಟ್ಟಿಗೆ ಗಿಟಾರಿನಲ್ಲಿ ಇದಕ್ಕಿಂತ ಹೆಚ್ಚು ಸಂತೋಷ ಕೊಡುವ ಪಾಠ ಬೇರೊಂದಿಲ್ಲ, ಆದ್ದರಿಂದ ಇದನ್ನು ಮುಂದಕ್ಕೆ ಹಾಕದೆ ಇಂದೇ ಮಾಡಿ ನೋಡಿ ಎಂದು ಒತ್ತಾಯಿಸುತ್ತೇನೆ.

ಕಾಳಿ ತೀರ (ಮಡಗಾಂವ್) ಕೊಟ್ಟ ಎರಡನೆಯ ಉತ್ತರ:

ನಿಮ್ಮ ಸಿ7 ಹಿಡಿತ ಸರಿಯಾಗಿಯೇ ಇದೆ. ಅದರಲ್ಲಿ 5ರಿಂದ 1ನೇ ತಂತಿಯವರೆಗೆ ಸಿ, ಇ, ಬಿ ಫ್ಲ್ಯಾಟ್, ಸಿ, ಇ ಬರುತ್ತವೆ. ಪಂಚಮವಾದ ಜಿ ಇಲ್ಲ. ನಾಲ್ಕು ಸ್ವರಗಳಲ್ಲಿ ಒಂದನ್ನು ಬಿಡಲೇಬೇಕಾದರೆ ಪಂಚಮವನ್ನೇ ಬಿಡುತ್ತಾರೆ, ಏಕೆಂದರೆ ಕಾರ್ಡಿನ ಗುರುತು ಇರುವುದು ಗಾಂಧಾರ ಮತ್ತು ನಿಷಾದಗಳಲ್ಲಿ. ಮಾಟುಂಗಾದವರು ಹೇಳಿದ ಮೂರು ಸ್ವರಗಳ ಹಿಡಿತವೂ ಇದೇ ಕಾರಣಕ್ಕೆ ಸಾಲುತ್ತದೆ. ಬಿ7 ನಲ್ಲಿ ನಾಲ್ಕೂ ಬೆರಳುಗಳು ಬೇಕಾಗುವುದರಿಂದ ಮೊದಮೊದಲು 1ನೇ ತಂತಿಯ ಕಿರುಬೆರಳನ್ನು ಬಿಟ್ಟು, ಆ ತಂತಿಯನ್ನು ಬಾರಿಸದೆ ಅಭ್ಯಾಸ ಮಾಡಬಹುದು. ಅಲ್ಲಿ ಬಿಟ್ಟುಹೋಗುವ ಎಫ್ ಶಾರ್ಪ್ ಕೂಡ ಪಂಚಮವೇ. ಮಳೆಗಾಲದಲ್ಲಿ ನಮ್ಮ ಕರಾವಳಿಯ ತೇವಕ್ಕೆ ಗಿಟಾರಿನ ಮರ ಉಬ್ಬಿ ತಂತಿಗಳು ಫ್ರೆಟ್‌ಗಳಿಂದ ಮೇಲೇಳುತ್ತವೆ. ಆಗ ಬಿ7, ಎಫ್‌ಗಳು ಇದ್ದಕ್ಕಿದ್ದಂತೆ ಕಷ್ಟವಾದರೆ ಬೆರಳುಗಳನ್ನು ದೂರುವ ಮೊದಲು ಗಿಟಾರನ್ನು ಸೆಟಪ್ ಮಾಡಿಸಿ, ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಇಡಿ.

ಗಾಯಕಿಯ ಜಿ ಶಾರ್ಪ್ ಶ್ರುತಿಗೆ 1ನೇ ಫ್ರೆಟ್‌ನಲ್ಲಿ ಕೇಪೋ (ಎಲ್ಲ ತಂತಿಗಳನ್ನೂ ಒಂದೇ ಫ್ರೆಟ್‌ನಲ್ಲಿ ಒತ್ತಿ ಹಿಡಿಯುವ ಕ್ಲಿಪ್) ಹಾಕಿ ಜಿ ಶ್ರುತಿಯ ಹಿಡಿತಗಳನ್ನೇ ಬಳಸಿ. ಪಲ್ಲವಿಗೆ ಮರಳುವಾಗ ಡಿ7 ಹಿಡಿದು ಜಿ ಗೆ ಬಂದರೆ ಕೇಳುಗರಿಗೆ ಡಿ ಶಾರ್ಪ್ ಸೆವೆಂತ್‌ನಿಂದ ಜಿ ಶಾರ್ಪ್‌ಗೆ ಬಂದದ್ದು ಕೇಳಿಸುತ್ತದೆ. ಕೇಪೋ ಹಾಕಿದ ಮೇಲೆ ಫ್ರೆಟ್‌ಗಳನ್ನು ಅಲ್ಲಿಂದಲೇ ಎಣಿಸಬೇಕು: 1ನೇ ತಂತಿ 2ರಿಂದ 3ಕ್ಕೆ ಏರುತ್ತದೆ, 2ನೇ ತಂತಿ 1ರಿಂದ ತೆರೆದ ಸ್ಥಾನಕ್ಕೆ ಇಳಿಯುತ್ತದೆ. ಜಿ ಹಿಡಿಯುವಾಗ 1ನೇ ತಂತಿಯ 3ನೇ ಫ್ರೆಟ್ ತಪ್ಪದೆ ಒತ್ತಿ, ಇಲ್ಲದಿದ್ದರೆ ಏರುವ ಸ್ವರ ತಲುಪಬೇಕಾದ ಜಾಗಕ್ಕೆ ತಲುಪುವುದಿಲ್ಲ. ಚರಣದ ಕೊನೆಯ ಶಬ್ದ ಮುಗಿಯುವವರೆಗೆ ಸಾದಾ ಡಿ ಯಲ್ಲಿಯೇ ಇದ್ದು, ಅವರು ಉಸಿರೆಳೆದುಕೊಳ್ಳುವಾಗ 2ನೇ ತಂತಿಯ 3ನೇ ಫ್ರೆಟ್‌ನ ಸ್ವರವನ್ನು 1ನೇ ಫ್ರೆಟ್‌ಗೆ ಇಳಿಸಿ ಡಿ7 ಮಾಡಿದರೆ ಪುಣೆಯವರು ಹೇಳಿದ ಎಚ್ಚರವನ್ನೂ ಪಾಲಿಸಿದಂತಾಗುತ್ತದೆ.